ಹೊಸ ಕಾರೋ, ಹಳೆಯ ಕಾರೋ?

2024 ಹಾಗೂ 2025ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ದೊರೆತಂದಿನಿಂದ, ಗೊಬ್ಬರಕ್ಕೆಂದು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಎದ್ದು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳುತ್ತಿದ್ದಾರೆ: “ಕಾರು ತಗೊಳ್ಳೋಣ ಅಂತಿದೀವಿ ಕಾರ್ಯದರ್ಶಿಗಳೇ, ಹೊಸದಕ್ಕೇ ಹೋಗೋದೋ, ಸೆಕೆಂಡ್ ಹ್ಯಾಂಡ್ ಸಾಕೋ?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾರು ಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಕೊನೆಯ ಬಸ್ಸು ಸಂಜೆಗೇ ಹೋಗಿಬಿಡುವ ಊರಿನಲ್ಲಿ, ಆಷಾಢದ ರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಅಂಗಳದಲ್ಲಿ ಒಂದು ಗಾಡಿ ಇರಲೇಬೇಕು. ಅದನ್ನು ಶೋಕಿ ಎನ್ನುವವರು ಮಲೆನಾಡಿನ ಮಳೆ ನೋಡದವರು. ಯೋಚಿಸಬೇಕಾದ್ದು ಹಣ ಹೊಂದಿಸುವ ಬಗೆಯನ್ನು.

ಪೇಟೆಯ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ, ತಿಂಗಳಿಗೊಮ್ಮೆ ಕಂತು, ಲೆಕ್ಕ ತಾಳೆಯಾಗುತ್ತದೆ. ನಮಗೆ ಹಾಗಲ್ಲ. ಕಾಫಿಯ ಹಣ ಬರುವುದು ಕೊಯ್ದು ಒಣಗಿಸಿ ಮಾರಿದ ಮೇಲೆ, ಅಡಿಕೆಯದು ಸುಲಿದು ಮಂಡಿಗೆ ಹಾಕಿದ ಮೇಲೆ. ಮಳೆಗಾಲದುದ್ದಕ್ಕೂ ಬರುವುದೇನಿಲ್ಲ, ಹೋಗುವುದೇ ಎಲ್ಲ: ಬೋರ್ಡೋ ಸಿಂಪಡಣೆ, ಗೊಬ್ಬರ, ಕಳೆ, ವಾರದ ಬಟವಾಡೆ. 8 ಲಕ್ಷದ ಕಾರಿಗೆ 2 ಲಕ್ಷ ಕೈಯಿಂದ ಹಾಕಿ, ಉಳಿದ 6 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲ ತೆಗೆದರೆ ತಿಂಗಳ ಕಂತು ಸುಮಾರು 12,455 ರೂ. ಬಡ್ಡಿಯೊಂದೇ 1,47,000 ರೂ. ದಾಟುತ್ತದೆ. ಕಂತು ಐದು ಬೆಳೆಗಳ ಮೇಲೆ. ಧಾರಣೆ ನಮಗೆ ಗೊತ್ತಿರುವುದು ಕೈಲಿರುವ ಒಂದು ಬೆಳೆಯದು.

ಇದು ನಾವು ಓದಿ ತಿಳಿದದ್ದಲ್ಲ. 1994ರಲ್ಲಿ ಬ್ರೆಜಿಲ್ಲಿನ ಕಾಫಿ ತೋಟಗಳಿಗೆ ಹಿಮದ ಹೊಡೆತ ಬಿದ್ದು ಇಲ್ಲಿ ಬೆಲೆ ಏರಿತು. 1996ರಲ್ಲಿ ಮುಕ್ತ ಮಾರಾಟವೂ ಪೂರ್ತಿಯಾಗಿ ಬಂತು. ನಮ್ಮ ತೀರ್ಥರೂಪರು 1997ರಲ್ಲಿ ಐದು ವರ್ಷದ ಕಂತಿನ ಮೇಲೆ ಹೊಸ ಕಾರು ತಂದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನ ಊರಿಗೆಲ್ಲ ಪಾಯಸ. 2001ರ ಹೊತ್ತಿಗೆ ಕಾಫಿ ಬೆಲೆ ಎಲ್ಲಿಗೆ ಇಳಿಯಿತೆಂಬುದು ಹಿರಿಯ ಸದಸ್ಯರಿಗೆ ನೆನಪಿದೆ. ಕಂತು ಇಳಿಯಲಿಲ್ಲ. ಎರಡು ವರ್ಷ ತೋಟಕ್ಕೆ ಗೊಬ್ಬರ ತಪ್ಪಿಸಿ ಕಂತು ಕಟ್ಟಿದೆವು. ಕೊನೆಗೆ ಕಾರನ್ನೇ ಮಾರಿ ಸಾಲ ತೀರಿಸಿದೆವು. ಗೊಬ್ಬರ ತಪ್ಪಿದ ಗಿಡ ಚೇತರಿಸಿಕೊಳ್ಳಲು ಮತ್ತೆ ಮೂರು ವರ್ಷ ಹಿಡಿಯಿತು.

ಹೊಸ ಕಾರಿನ ಬೆಲೆ ಮೊದಲ ವರ್ಷಗಳಲ್ಲೇ ಬಹಳ ಸವೆಯುತ್ತದೆ. ವಿಮೆಯವರು ಕಾರಿನ ಮೌಲ್ಯ ಕಟ್ಟುವ ಪಟ್ಟಿಯಲ್ಲಿ ಆರು ತಿಂಗಳು ದಾಟಿದರೆ ನೂರಕ್ಕೆ 15, ಎರಡು ವರ್ಷ ದಾಟಿದರೆ 30, ನಾಲ್ಕು ವರ್ಷ ದಾಟಿದರೆ 50 ಕಳೆಯುತ್ತಾರೆ. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚುಕಡಿಮೆಯಾಗುವುದುಂಟು. ನಮ್ಮ ಕಡೆ ಜೀಪುಗಳಿಗಂತೂ ಈ ಪಟ್ಟಿ ನಡೆಯುವುದಿಲ್ಲ. ಆದರೂ ಆ ಸವೆತವನ್ನು ಮೊದಲ ಯಜಮಾನ ಹೊತ್ತ ಮೇಲೆ, ನಾಲ್ಕರಿಂದ ಆರು ವರ್ಷದ, ಒಬ್ಬರೇ ಓಡಿಸಿದ ಗಾಡಿಯನ್ನು ಬೆಳೆ ಮಾರಿದ ಹಣದಲ್ಲಿ ಸಾಲವಿಲ್ಲದೆ ಕೊಳ್ಳುವುದು ಸಣ್ಣ ಬೆಳೆಗಾರರಿಗೆ ಮೇಲೆಂದು ನಮ್ಮ ಅಭಿಪ್ರಾಯ. ಒಂದು ವರ್ಷದ ತೋಟದ ಖರ್ಚನ್ನು ತೆಗೆದಿಟ್ಟ ಮೇಲೂ ಮುಕ್ಕಾಲು ಬೆಲೆ ಕೈಯಿಂದ ಹಾಕಬಲ್ಲವರು, ಹದಿನೈದು ವರ್ಷ ಇಟ್ಟುಕೊಳ್ಳುವವರು, ಹೊಸದನ್ನೇ ಕೊಳ್ಳಲಿ. ಸಾಲ ಅನಿವಾರ್ಯವಾದರೆ ತಿಂಗಳ ಬದಲು ವರ್ಷದ ಕಂತಿಗೆ ಬ್ಯಾಂಕಿನವರು ಒಪ್ಪುವರೇ ಎಂದು ಕೇಳಿ ನೋಡಿ. ಬೆಳೆಸಾಲದ ಹಣವನ್ನು ಮಾತ್ರ ಕಾರಿಗೆ ಹಾಕಬೇಡಿ. ಕಾರ್ಯದರ್ಶಿಯಾಗಿ ಈ ಮಾತು ಹೇಳಲೇಬೇಕು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಆದ್ದರಿಂದ ಮಾರುವವನು ತಾನು ಹಿಂದೆ ಕೊಟ್ಟ ಬೆಲೆ ಹೇಳಿದರೆ ಅದನ್ನು ಹಿಡಿದು ಚೌಕಾಶಿ ಮಾಡಬೇಡಿ. ಅದೇ ಕಾರಿನ ಈಗಿನ ಹೊಸ ಬೆಲೆ ಕೇಳಿಕೊಂಡು ಹೋಗಿ.

ಹಳೆಯ ಗಾಡಿ ನೋಡಲು ನಂಬಿಕೆಯ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ, ಹಗಲು ಹೊತ್ತಿನಲ್ಲೇ ನೋಡಿ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಿ. ಮೊದಲೇ ಬಿಸಿಮಾಡಿಟ್ಟಿದ್ದರೆ ಏಕೆಂದು ಕೇಳಿ. ಕರಾವಳಿಯಲ್ಲಿ ಓಡಿದ್ದಾದರೆ ಅಡಿಭಾಗದ ತುಕ್ಕು ನೋಡಬೇಕು. ಬೆಂಗಳೂರಿನದಾದರೆ ಕ್ಲಚ್ ನೋಡಬೇಕು; ಆಳುಗಳನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿದರೆ ಗೊತ್ತಾಗುತ್ತದೆ. ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು ಬಣ್ಣ ಬಳಿದು ದೂರದೂರಿನಲ್ಲಿ ಮಾರಾಟಕ್ಕೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ನೆಲಹಾಸು ಎತ್ತಿ ಮೂಸಿ ನೋಡಲು ಸಂಕೋಚಪಡಬೇಡಿ.

ಕರ್ನಾಟಕದ ಗಾಡಿಗೆ ಮೊದಲ ಯಜಮಾನ ಕಟ್ಟಿದ ಆಜೀವ ತೆರಿಗೆಯೇ ನಡೆಯುತ್ತದೆ. ಹೊರರಾಜ್ಯದ್ದು ಅಗ್ಗವೆಂದು ತಂದರೆ ಇಲ್ಲಿ ಅದರ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇದೆಯೇ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಇದ್ದರೆ ಅದು ತೆಗೆಯುವವರೆಗೆ ಪೂರ್ತಿ ಹಣ ಕೊಡಬೇಡಿ.

ಕೊಳ್ಳುವವರಷ್ಟೇ ಮಾರುವವರೂ ಎಚ್ಚರದಿಂದಿರಬೇಕು. ನಮ್ಮ ಕಾರನ್ನು ಒಬ್ಬ ದಲ್ಲಾಳಿಗೆ ಕೊಟ್ಟಾಗ ತೀರ್ಥರೂಪರು ಖಾಲಿ ನಮೂನೆಗಳಿಗೆ ರುಜು ಹಾಕಿ, ಹಣ ಎಣಿಸಿಕೊಂಡು, ಕೆಲಸ ಮುಗಿಯಿತೆಂದುಕೊಂಡರು. ಹೆಸರು ವರ್ಗವಾಗಲೇ ಇಲ್ಲ. ಮೂರು ವರ್ಷದ ಮೇಲೆ ನಾವು ಕಂಡರಿಯದ ಊರಿನಲ್ಲಿ ಆದ ಅಪಘಾತಕ್ಕೆ ಪರಿಹಾರ ಕೇಳಿ ನ್ಯಾಯಾಲಯದ ನೋಟೀಸು ಅವರ ಹೆಸರಿಗೇ ಬಂತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ವಾಯಿದೆಯಿಂದ ವಾಯಿದೆಗೆ ಬಸ್ಸಿನಲ್ಲಿ ಓಡಾಡಿದರು. ಗಾಡಿ ಕೈಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ಮಾರಿದವರು 29ನೇ ನಮೂನೆಯನ್ನು 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ಸಲ್ಲಿಸಿ ಪ್ರತಿ ಇಟ್ಟುಕೊಳ್ಳಬೇಕು. 30ನೇ ನಮೂನೆಯಲ್ಲಿ ಕೊಂಡವರ ಹೆಸರು ಬರೆಯದೆ ರುಜು ಹಾಕಬಾರದು. ಕೊಂಡವರು ಅಷ್ಟೇ ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಮಾಡದ್ದಕ್ಕೆ ಸಿಗುವ ಬೋನಸ್ ಗಾಡಿಯದಲ್ಲ, ಯಜಮಾನನದು. ಮಾರುವಾಗ ಅದರ ಪತ್ರ ಕೇಳಿ ಪಡೆದರೆ ಮುಂದಿನ ಗಾಡಿಗೆ ಉಪಯೋಗವಾಗುತ್ತದೆ. ಎರಡೂ ನಮೂನೆಗಳ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ತರಿಸಿಟ್ಟಿದ್ದೇವೆ. ಬೇಕಾದ ಸದಸ್ಯರು ಗೊಬ್ಬರಕ್ಕೆ ಬಂದಾಗ ಒಯ್ಯಬಹುದು.