ಹೃದ್ರೋಗದ ಮುನ್ಸೂಚನೆ: ರಕ್ತ ಹೇಳುವ ಲೆಕ್ಕ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿಯೇ ಹೃದಯಸ್ತಂಭನದಿಂದ ನಿಧನರಾದಾಗ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನರು ಮುಗಿಬಿದ್ದರು. ಹೃದ್ರೋಗದ ಸಂಭವವನ್ನು ರಕ್ತವು ಮೊದಲೇ ತಿಳಿಸಬಲ್ಲುದೆ?

ಕೊಲೆಸ್ಟೆರಾಲ್ ನೀರಿನಲ್ಲಿ ಕರಗದು. ಲೈಪೊಪ್ರೋಟೀನ್ ಎಂಬ ಸೂಕ್ಷ್ಮ ಕಣಗಳು ಅದನ್ನು ರಕ್ತದಲ್ಲಿ ಹೊತ್ತೊಯ್ಯುತ್ತವೆ. ಎಲ್.ಡಿ.ಎಲ್. ಮೊದಲಾದ ಕಣಗಳು ಅಪಧಮನಿಯ ಗೋಡೆಯನ್ನು ಹೊಕ್ಕು ಅಲ್ಲಿಯೇ ಸಿಕ್ಕಿಕೊಂಡರೆ ನಾಳವು ಕ್ರಮೇಣ ಕಿರಿದಾಗುತ್ತದೆ.

ಸರ್ವಜ್ಞನ ಜನ್ಮಸ್ಥಳವೆಂದು ಹೆಸರಾದ ಅಬಲೂರಿನಿಂದ ಗೋವಿನಜೋಳದ ಚಕ್ಕಡಿಗಳು ಪೇಟೆಗೆ ಹೊರಟಿವೆಯೆಂದು ಭಾವಿಸೋಣ. ಓಣಿಯು ಇಕ್ಕಟ್ಟಾಗುವುದು ಹೇರಿನ ತೂಕದಿಂದಲ್ಲ, ಚಕ್ಕಡಿಗಳ ಸಂಖ್ಯೆಯಿಂದ. ಸಾಮಾನ್ಯ ಕೊಲೆಸ್ಟೆರಾಲ್ ಪರೀಕ್ಷೆಯು ಹೇರನ್ನಷ್ಟೇ ತೂಗುತ್ತದೆ. ಮಧುಮೇಹಿಗಳಲ್ಲಿ ಅನೇಕ ವೇಳೆ ಹೇರು ಹಗುರ, ಚಕ್ಕಡಿಗಳು ಮಾತ್ರ ಬಹಳ. ತೂಕವನ್ನೇ ನಂಬಿದವರು ಮೋಸಹೋಗುವರು. ಚಕ್ಕಡಿಗೊಂದು ನೊಗವಿರುವಂತೆ, ಇಂತಹ ಪ್ರತಿಯೊಂದು ಕಣದಲ್ಲಿಯೂ ಅಪೊ-ಬಿ ಎಂಬ ಪ್ರೋಟೀನಿನ ಒಂದೇ ಅಣುವಿದೆ. ನೊಗಗಳನ್ನೆಣಿಸಿದರೆ ಚಕ್ಕಡಿಗಳ ಲೆಕ್ಕ ದೊರೆಯಿತು! ಅಪೊ-ಬಿ ಪರೀಕ್ಷೆಯ ತತ್ತ್ವ ಇಷ್ಟೆ.

1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದ ಲೈಪೊಪ್ರೋಟೀನ್-ಎ ಮತ್ತೊಂದು ಸೂಚಕ. ಇದರ ಪ್ರಮಾಣವು ಬಹುಮಟ್ಟಿಗೆ ಆನುವಂಶಿಕ. ಪಥ್ಯ, ವ್ಯಾಯಾಮಗಳಿಗೆ ಅಷ್ಟಾಗಿ ಜಗ್ಗದು. ಆದುದರಿಂದ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಮನ್ನು ಮೀರಿದರೆ ಅಪಾಯ ಹೆಚ್ಚೆಂದು ಎಣಿಸುತ್ತಾರೆ.

ಈ ಅಂಕಿಗಳು ಹೇಳುವುದು ಸಂಭವವನ್ನೇ ಹೊರತು ಹಣೆಬರಹವನ್ನಲ್ಲ. ರಕ್ತದೊತ್ತಡ, ಸಕ್ಕರೆ, ಧೂಮಪಾನಗಳೊಡನೆ ಇವನ್ನು ವೈದ್ಯರು ತೂಗಿನೋಡಬೇಕು. ತಂದೆ ತಾಯಿಗಳಿಗೆ ಎಳವೆಯಲ್ಲಿಯೇ ಹೃದಯಾಘಾತವಾಗಿದ್ದರೆ, ನಮ್ಮ ತಾರುಣ್ಯದಲ್ಲಿಯೇ ಈ ಮಾತನ್ನು ವೈದ್ಯರಲ್ಲಿ ಪ್ರಸ್ತಾಪಿಸುವುದು ಜಾಣತನ. ಆನುವಂಶಿಕತೆಯನ್ನು ನಾವು ಬದಲಿಸಲಾರೆವು. ಉಳಿದ ಅಪಾಯಗಳನ್ನು ತಗ್ಗಿಸಬಲ್ಲೆವು.