ಟೊಮೆಟೊ ಪತಂಗ: ಹೆಸರು ಮತ್ತು ನೆಲೆ

2014ರಲ್ಲಿ ಪುಣೆಯ ಪರಿಸರದ ಟೊಮೆಟೊ ಹೊಲಗಳಲ್ಲಿ ಭಾರತಕ್ಕೆ ಹೊಸದಾದ ಪತಂಗವೊಂದು ಕಾಣಿಸಿಕೊಂಡಿತು. ಬೂದುಬಣ್ಣದ ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆಗಳುಳ್ಳ, ಐದಾರು ಮಿಲಿಮೀಟರ್ ಉದ್ದದ ಈ ನಿಶಾಚರ ಕೀಟವು ಲೆಪಿಡಾಪ್ಟೆರ ಗಣದ ಗೆಲಿಕಿಯಿಡೀ ಕುಟುಂಬಕ್ಕೆ ಸೇರಿದುದು. ಇದರ ಮರಿಹುಳು ಎಲೆಯ ಪದರಗಳ ನಡುವೆ ಸುರಂಗ ಕೊರೆದು ತಿನ್ನುತ್ತದೆ. ಕಾಯನ್ನೂ ಹೊಕ್ಕು ಕೆಡಿಸುತ್ತದೆ.

ಪೆರು ದೇಶದ ಆಂಡೀಸ್ ಪರ್ವತಪ್ರದೇಶದಲ್ಲಿರುವ ಹುಆಂಕಾಯೊದಲ್ಲಿ ದೊರೆತ ಮಾದರಿಯನ್ನು ಆಧರಿಸಿ, 1917ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆರಿಕ್ ಇದಕ್ಕೆ ಥೋರಿಮಿಯ ಅಬ್ಸೊಲ್ಯೂಟ ಎಂದು ಹೆಸರಿಟ್ಟನು. ಇವುಗಳಲ್ಲಿ ಮೊದಲನೆಯದು ಜಾತಿನಾಮ, ಎರಡನೆಯದು ಪ್ರಭೇದನಾಮ. ಈ ಗುಂಪಿನ ಪತಂಗಗಳು ಹೊರನೋಟಕ್ಕೆ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ ಜನನಾಂಗಗಳ ರಚನೆಯನ್ನು ಪರೀಕ್ಷಿಸಿಯೇ ಅವನ್ನು ಬೇರ್ಪಡಿಸಬೇಕಾಗುತ್ತದೆ. ಹೀಗೆ ಪರೀಕ್ಷೆ ಮುಂದುವರಿದಂತೆ ಜಾತಿನಾಮವು ಹಲವು ಬಾರಿ ಬದಲಾಗಿ, 1994ರಲ್ಲಿ ಪೊವೊಲ್ನಿ ಎಂಬ ವಿದ್ವಾಂಸನಿಂದ ಟುಟ ಎಂದಾಯಿತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಹರಚನೆಯ ಆಧಾರದಿಂದ ಇದನ್ನು ಮೊದಲಿನ ಜಾತಿಗೇ ಮರಳಿಸಿತು. ಆಲೂಗಡ್ಡೆಯನ್ನು ಕೊರೆಯುವ ಪತಂಗವೂ ಈ ಜಾತಿಯದೇ. ಪ್ರಭೇದವು ಬೇರೆ ಜಾತಿಗೆ ಸಂದಾಗ ಹೆಸರಿಟ್ಟವನನ್ನು ಆವರಣಚಿಹ್ನೆಯೊಳಗೆ ಬರೆಯುವುದು ನಾಮಕರಣದ ನಿಯಮ. ಟುಟ ಎಂಬ ಹೆಸರಿನೊಡನೆ ಆವರಣದೊಳಗಿದ್ದ ಮೆರಿಕ್, ಹಳೆಯ ಜಾತಿನಾಮದೊಡನೆ ಹೊರಬರುತ್ತಾನೆ. ಪ್ರಭೇದನಾಮ ಮಾತ್ರ ಉದ್ದಕ್ಕೂ ಸ್ಥಿರವಾಗಿ ಉಳಿದಿದೆ.

ದಕ್ಷಿಣ ಅಮೆರಿಕದ ಈ ಕೀಟ 2006ರಲ್ಲಿ ಸ್ಪೇನ್ ದೇಶದಲ್ಲಿ ಪತ್ತೆಯಾಯಿತು. ಅಲ್ಲಿಂದೀಚೆಗೆ ಮೆಡಿಟರೇನಿಯನ್ ತೀರ, ಆಫ್ರಿಕಾ ಹಾಗೂ ಪಶ್ಚಿಮ ಏಷ್ಯಾಗಳಲ್ಲಿ ಹರಡಿತು. ಪುಣೆಯ ಬಳಿಕ ಕರ್ನಾಟಕದಲ್ಲಿಯೂ ವರದಿಯಾಯಿತು. ಇಷ್ಟು ದೂರವನ್ನು ಇದು ಕ್ರಮಿಸಿದುದು ರೆಕ್ಕೆಗಳ ಬಲದಿಂದಲ್ಲ. ಹಣ್ಣು, ಸಸಿ, ಪೆಟ್ಟಿಗೆಗಳ ಸಾಗಣೆಯೇ ಇದರ ಮುಖ್ಯ ವಾಹನ.

ಕೋಲಾರದ ಕಡೆಯ ರೈತರು ಇದನ್ನು ‘ಊಜಿ’ ಎನ್ನುವುದುಂಟು. ಊಜಿ ಎಂಬುದು 1980ರಲ್ಲಿ ಕರ್ನಾಟಕವನ್ನು ಹೊಕ್ಕ, ರೇಷ್ಮೆಹುಳುವನ್ನು ಕಾಡುವ ನೊಣದ ಹೆಸರು. ಹೊರಗಿನಿಂದ ಬಂದು ಒಳಹೊಕ್ಕು ತಿನ್ನುವ ಹೋಲಿಕೆಯೇ ಈ ಹೆಸರಿಗೆ ಕಾರಣವಾಗಿರಬಹುದು. ಅನುಭವದಿಂದ ಹುಟ್ಟಿದ ಈ ಪದ ಭಾಷಾಭ್ಯಾಸಿಗೆ ಅಮೂಲ್ಯವಾದುದು. ಆದರೆ ಎರಡು ರೆಕ್ಕೆಯ ನೊಣವೇ ಬೇರೆ, ಹುಡಿಹೊತ್ತ ನಾಲ್ಕು ರೆಕ್ಕೆಯ ಪತಂಗವೇ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟದು. ಕೀಟದ ಕುರಿತ ಶತಮಾನದ ತಿಳಿವಳಿಕೆಯೂ ಬೇರೆಬೇರೆ ಜಾತಿನಾಮಗಳಡಿ ಚದುರಿಹೋಗಿದೆ. ಆದುದರಿಂದ ಕನ್ನಡದಲ್ಲಿ ಕೀಟಕೋಶವನ್ನು ರಚಿಸುವವರು ರೈತನ ಪದವನ್ನೂ ಶಾಸ್ತ್ರದ ಹಳೆಯ, ಹೊಸ ಹೆಸರುಗಳನ್ನೂ ಒಂದೇ ನಮೂದಿನಲ್ಲಿ ಜೋಡಿಸಿಡುವುದು ಅವಶ್ಯ. ಹಾಗಾದಾಗಲೇ ಹೊಲದ ಪ್ರಶ್ನೆಗೆ ಗ್ರಂಥದ ಉತ್ತರ ದೊರೆತೀತು.