ತಿರುಗಿಯೂ ಹೊತ್ತಿಕೊಳ್ಳದ ಎಂಜಿನ್

ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಬೇಸಗೆಯ ಬಿಸಿಲು ಮನುಷ್ಯರನ್ನು ಕಾಡುವಂತೆ ಯಂತ್ರಗಳನ್ನೂ ಕಾಡುತ್ತದೆ. ಮಾನ್ವಿಯ ಬಾಡಿಗೆ ಕಾರೊಂದು ದೇವದುರ್ಗದಿಂದ ರಾಯಚೂರಿಗೆ ಬರುವಾಗ ರೇಡಿಯೇಟರಿನ ನೀರು ಕುದಿದು ದಾರಿಯಲ್ಲೇ ನಿಂತಿತು. ರಾಯಚೂರಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಹೆಡ್ಡನ್ನು ಕಳಚಿ, ಸುಟ್ಟ ಗ್ಯಾಸ್ಕೆಟ್ಟನ್ನು ಬದಲಿಸಿ, ವಾಲ್ವುಗಳನ್ನು ಉಜ್ಜಿ, ಹೊಸ ಟೈಮಿಂಗ್ ಬೆಲ್ಟನ್ನು ಹಾಕಿ ಮತ್ತೆ ಜೋಡಿಸಿದರು. ಆದರೆ ಕಾರು ಹೊರಡಲಿಲ್ಲ. ಪ್ಲಗ್ಗುಗಳನ್ನು ಬದಲಿಸಿದ್ದಾಯಿತು, ಪೆಟ್ರೋಲ್ ಪಂಪನ್ನೂ ಬದಲಿಸಿದ್ದಾಯಿತು. ಫಲ ದೊರೆಯಲಿಲ್ಲ. "ಸೆಲ್ಫ್ ತಿರಗ್ತದ ಸರ್, ಗಾಡಿ ಮಾತ್ರ ಸ್ಟಾರ್ಟ್ ಆಗವಲ್ದು" ಎಂದು ಕಾರಿನ ಒಡೆಯ ನಮ್ಮಲ್ಲಿ ಹೇಳಿಕೊಂಡಾಗ ಅವನ ಮನೆಯ ದುಡಿಮೆ ನಿಂತು ಒಂದು ವಾರವಾಗಿತ್ತು. ಎಂಜಿನ್ನನ್ನು ಮತ್ತೊಮ್ಮೆ ಪೂರ್ತಿ ಬಿಚ್ಚುವ ಮಾತು ನಡೆದಿತ್ತು. ಬಿಚ್ಚುವ ಮೊದಲು ವಿಚಾರ ಮಾಡೋಣವೆಂದು ನಾವು ಮೇಸ್ತ್ರಿಯೊಡನೆ ಕುಳಿತೆವು.

ತಿರುಗುವುದು ಬೇರೆ, ಹೊತ್ತಿಕೊಳ್ಳುವುದು ಬೇರೆ ಎಂಬುದನ್ನು ಮೊದಲು ಮನಗಾಣಬೇಕು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಅದಕ್ಕೆ ಮೊದಲು ಹಿಡಿಕೆ ಹಾಕಿ ಕೈಯಿಂದ ತಿರುಗಿಸುತ್ತಿದ್ದರು. ಸೆಲ್ಫ್ ಮಾಡುವುದೂ ಅದೇ ಕೈಕೆಲಸವನ್ನು. ಅದು ತಿರುಗಿತೆಂದರೆ ಬ್ಯಾಟರಿಯೂ ಮೋಟಾರೂ ನೆಟ್ಟಗಿವೆ ಎಂದಷ್ಟೇ ಅರ್ಥ. ಎಂಜಿನ್ ತನ್ನ ಬಲದಿಂದ ನಡೆಯಬೇಕಾದರೆ ನಾಲ್ಕು ಅಗತ್ಯಗಳು ಪೂರೈಸಬೇಕು: ಗಾಳಿ ಮತ್ತು ಪೆಟ್ರೋಲಿನ ತಕ್ಕ ಮಿಶ್ರಣ, ಆ ಮಿಶ್ರಣದ ಒತ್ತಡ, ಒಂದು ಕಿಡಿ, ಮತ್ತು ಈ ಮೂರೂ ಸಕಾಲದಲ್ಲಿ ಒದಗುವುದು.

1876ರಲ್ಲಿ ನಿಕೊಲಾಸ್ ಆಟೊ ನಿರ್ಮಿಸಿದ ಎಂಜಿನ್ನಿನ ಕ್ರಮವೇ ಇಂದಿನ ಪೆಟ್ರೋಲ್ ಕಾರಿನದು. ಪಿಸ್ಟನ್ ಕೆಳಗಿಳಿದು ಮಿಶ್ರಣವನ್ನು ಹೀರುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಕಿಡಿ ತಗುಲಿ ಉರಿದ ಅನಿಲ ಅದನ್ನು ಕೆಳಗೆ ನೂಕುತ್ತದೆ. ಮತ್ತೆ ಮೇಲೇರಿ ಹೊಗೆಯನ್ನು ಹೊರದೂಡುತ್ತದೆ. ಹೀಗೆ ನಾಲ್ಕು ಹೊಡೆತಗಳಾಗುವಷ್ಟರಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುತ್ತದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡ ಒಂದೇ ಸುತ್ತು ತಿರುಗಬೇಕು. ಈ ಎರಡನ್ನೂ ಹೊಂದಿಸಿ ಹಿಡಿದಿರುವುದು ಹಲ್ಲುಗಳುಳ್ಳ ಟೈಮಿಂಗ್ ಬೆಲ್ಟ್. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಒಂದೊಂದು ಹೊಡೆತಕ್ಕೆ ದೊರೆಯುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ!

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದು ಕಿಡಿ. 12 ವೋಲ್ಟಿನ ಬ್ಯಾಟರಿಯಿಂದ ಕಿಡಿ ಹೇಗೆ ಹಾರೀತು? ಕಾಯಿಲಿನ ಮೊದಲ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ, ಸಾವಿರಾರು ಸುತ್ತುಗಳ ಎರಡನೆಯ ಸುರುಳಿಯಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಹುಟ್ಟುತ್ತದೆ. ಮೇಸ್ತ್ರಿ ಪಂಪಿನ ಫ್ಯೂಸನ್ನು ತೆಗೆದು, ಕಿಡಿ ನೋಡುವ ಸಾಧನವನ್ನು ಜೋಡಿಸಿದರು. ಕಿಡಿ ನೀಲಿಯಾಗಿ ಹಾರಿತು. ತೆರೆದ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ದಾಟಲು ಸುಮಾರು 3000 ವೋಲ್ಟ್ ಸಾಕು. ಒತ್ತಿದ ಮಿಶ್ರಣದಲ್ಲಿ ಅದರ ಹಲವು ಪಟ್ಟು ಬೇಕು. ಆದ್ದರಿಂದ ಹೊರಗೆ ಹಾರಿದ ಬಡಕಲು ಕಿಡಿಯನ್ನು ನಂಬಲಾಗದು. ನಮ್ಮ ಸಾಧನದ ಅಂತರ ಅಗಲವಾಗಿದ್ದುದರಿಂದ ಕಿಡಿಯ ಮೇಲಿನ ಸಂಶಯ ಕಳೆಯಿತು. ವಾಚಕರು ಈ ಪರೀಕ್ಷೆಯನ್ನು ತಾವೇ ಮಾಡಹೋಗಬಾರದು. ಪೆಟ್ರೋಲ್ ಆವಿಯ ಬಳಿ ಕಿಡಿ ಅಪಾಯಕರ.

ಎರಡನೆಯದು ಪೆಟ್ರೋಲ್. ಕಳಚಿದ ಪ್ಲಗ್ಗುಗಳು ನಾಲ್ಕೂ ಒದ್ದೆಯಾಗಿದ್ದವು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಈ ಒಂದು ನೋಟವನ್ನು ಮೊದಲೇ ನೋಡಿದ್ದರೆ ಹೊಸ ಪಂಪಿನ ಹಣ ಒಡೆಯನ ಜೇಬಿನಲ್ಲೇ ಉಳಿಯುತ್ತಿತ್ತು.

ಮೂರನೆಯದು ಒತ್ತಡ. ಮಿಶ್ರಣವನ್ನು ಹತ್ತನೆಯ ಒಂದು ಪಾಲಿಗೆ ಒತ್ತಿದರೆ, ಶಾಖ ಹೊರಗೆ ಹೋಗದ ಆದರ್ಶ ಸ್ಥಿತಿಯಲ್ಲಿ, 27 ಡಿಗ್ರಿಯ ಗಾಳಿ ಸುಮಾರು 480 ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣದಿಂದ. ನಿಜವಾದ ಎಂಜಿನ್ನಿನಲ್ಲಿ ಸೋರಿಕೆಯೂ ಶಾಖನಷ್ಟವೂ ಇರುವುದರಿಂದ ಬಿಸಿ ಇಷ್ಟು ಏರದು. ಆದರೂ ಈ ಬಿಸಿಯೇ ಪೆಟ್ರೋಲನ್ನು ಆವಿಯಾಗಿಸಿ ಕಿಡಿಗೆ ನೆರವಾಗುತ್ತದೆ. ಮೇಸ್ತ್ರಿ ಪ್ಲಗ್ಗಿನ ರಂಧ್ರಕ್ಕೆ ಒತ್ತಡಮಾಪಕವನ್ನು ಸಿಕ್ಕಿಸಿ ಸೆಲ್ಫ್ ಹೊಡೆದರು. ಮುಳ್ಳು ಇರಬೇಕಾದ ಮಟ್ಟದ ಮೂರನೆಯ ಎರಡು ಭಾಗಕ್ಕೆ ನಿಂತಿತು. ಎರಡನೆಯ ಸಿಲಿಂಡರಿನಲ್ಲೂ ಅಷ್ಟೇ. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಅಷ್ಟೇ.

ಇಲ್ಲಿ ವಿಚಾರಕ್ಕೆ ಒಂದು ಹಿಡಿ ಸಿಕ್ಕಿತು. ಒಂದು ವಾಲ್ವ್ ಸರಿಯಾಗಿ ಕೂರದಿದ್ದರೆ ಒಂದು ಸಿಲಿಂಡರಿನಲ್ಲಿ ಮಾತ್ರ ಒತ್ತಡ ಕಡಮೆಯಾಗುತ್ತದೆ. ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆ ಸೋರಿದರೆ ಆ ನೆರೆಹೊರೆಯ ಎರಡರಲ್ಲಿ ಕಡಮೆಯಾಗುತ್ತದೆ. ನಾಲ್ಕರಲ್ಲೂ ಸಮನಾಗಿ ಕಡಮೆಯಾಗಿದ್ದರೆ ನಾಲ್ಕಕ್ಕೂ ಸಾಮಾನ್ಯವಾದ ಕಾರಣವೊಂದನ್ನು ಹುಡುಕಬೇಕು. ಪಿಸ್ಟನ್ ರಿಂಗುಗಳು ಸವೆದಿವೆಯೇ? ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದೆವು. ರಿಂಗಿನ ದೋಷವಾಗಿದ್ದರೆ ಎಣ್ಣೆ ಸಂದನ್ನು ಮುಚ್ಚಿ ಒತ್ತಡ ಏರಬೇಕಿತ್ತು, ಏರಲಿಲ್ಲ. ಉಳಿದ ಕಾರಣಗಳಲ್ಲಿ ದುರಸ್ತಿಯ ಕೈ ಮುಟ್ಟಿದ್ದು, ನಾಲ್ಕು ಸಿಲಿಂಡರುಗಳಿಗೂ ಸಂಬಂಧಿಸಿದ್ದು, ಮತ್ತು ನೋಡಲು ಸುಲಭವಾದದ್ದು ಟೈಮಿಂಗ್ ಬೆಲ್ಟ್.

ಅದರ ಮುಚ್ಚಳವನ್ನು ತೆಗೆದು, ಕ್ರ್ಯಾಂಕ್ ಗಾಲಿಯನ್ನು ಗುರುತಿಗೆ ತಂದು ನಿಲ್ಲಿಸಿದರೆ, ಕ್ಯಾಮ್ ಗಾಲಿಯ ಗುರುತು ಎರಡು ಹಲ್ಲು ಹಿಂದೆ ಉಳಿದಿತ್ತು! ಗಾಲಿಗೆ 40 ಹಲ್ಲುಗಳು. ಒಂದು ಹಲ್ಲೆಂದರೆ ಕ್ಯಾಮ್ ದಂಡದ 9 ಡಿಗ್ರಿ, ಕ್ರ್ಯಾಂಕಿನ 18 ಡಿಗ್ರಿ. ಎರಡು ಹಲ್ಲೆಂದರೆ ಕ್ರ್ಯಾಂಕಿನ 36 ಡಿಗ್ರಿ. ಒಳಸೇರಿಕೆಯ ವಾಲ್ವ್ ಇಷ್ಟು ತಡವಾಗಿ ಮುಚ್ಚಿದಾಗ, ಮೇಲೇರತೊಡಗಿದ ಪಿಸ್ಟನ್ ಹೀರಿದ ಮಿಶ್ರಣದ ಸುಮಾರು ಮೂರನೆಯ ಒಂದು ಭಾಗವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕುತ್ತದೆ. ಹೊರಹೋಗುವ ವಾಲ್ವೂ ತಡವಾಗಿ ಮುಚ್ಚುವುದರಿಂದ ಹೊರದೂಡಿದ ಅನಿಲದ ಒಂದು ಪಾಲು ಮರಳಿ ಒಳಬರುತ್ತದೆ. ಮಿಶ್ರಣ ಕಡಮೆ, ಅದೂ ಕಲಬೆರಕೆ. ಕಿಡಿ ಎಷ್ಟು ಪ್ರಖರವಾಗಿದ್ದರೇನು?

ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿಯ ಬೋಲ್ಟು ಪೂರ್ತಿ ಬಿಗಿಯಾಗಿರಲಿಲ್ಲ. ಸೆಲ್ಫ್ ಹೊಡೆದ ರಭಸಕ್ಕೆ ಸಡಿಲ ಬೆಲ್ಟ್ ಹಲ್ಲು ಹಾರಿತ್ತು. ಬೆಲ್ಟ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕೆಂಬುದು ಈ ಕಸುಬಿನ ನಿಯಮ. ಅವಸರದಲ್ಲಿ ಅದು ತಪ್ಪಿಹೋಗಿತ್ತು. ಇನ್ನಷ್ಟು ಹಲ್ಲು ಹಾರಿದ್ದರೆ, ಅನೇಕ ಎಂಜಿನ್ನುಗಳಲ್ಲಿ ಆಗುವಂತೆ, ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತಿತ್ತು. ಹೊರಡದ ಎಂಜಿನ್ನಿಗೆ ಸುಮ್ಮನೆ ಸೆಲ್ಫ್ ಹೊಡೆಯುತ್ತಲೇ ಇರಬಾರದೆನ್ನುವುದು ಇದಕ್ಕಾಗಿ. ಅಲ್ಲದೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಸ್ಟಾರ್ಟರ್ ಬೇಗ ಕಾಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ.

ಬೆಲ್ಟನ್ನು ಸರಿಯಾಗಿ ಕೂರಿಸಿ, ಎರಡು ಸುತ್ತು ತಿರುಗಿಸಿ ನೋಡಿ, ಒಣಗಿಸಿದ ಪ್ಲಗ್ಗುಗಳನ್ನು ಹಾಕಿದ ಮೇಲೆ ಎಂಜಿನ್ ಮೊದಲ ಪ್ರಯತ್ನಕ್ಕೇ ಹೊತ್ತಿಕೊಂಡಿತು. ಸಂಜೆಗೆ ಮುನ್ನ ಕಾರು ಮಾನ್ವಿಯ ದಾರಿ ಹಿಡಿಯಿತು. ಹೊಸ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿದ್ದನ್ನು ಯಂತ್ರವೇ ತಿಳಿಸುವುದುಂಟು. ಆದರೆ ತಪ್ಪಿದ್ದು ಏಕೆ ಎಂಬುದನ್ನು ಅದು ಹೇಳದು. ಆ ಪ್ರಶ್ನೆಯನ್ನು ಕೇಳುವವನು ಮನುಷ್ಯನೇ ಆಗಬೇಕು. ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಳೆದು, ಬರೆದುಕೊಳ್ಳುವ ಅಭ್ಯಾಸ ಮಾಡುವುದು ಬರಿಯ ಪರೀಕ್ಷೆಗಾಗಿ ಅಲ್ಲ. ಅದೇ ಅಭ್ಯಾಸ ಆ ದಿನ ಗ್ಯಾರೇಜಿನಲ್ಲಿ ಒಂದು ಮನೆಯ ದುಡಿಮೆಯನ್ನು ಉಳಿಸಿತು.